ಮೂರನೆಯ ಡಬ್ಬಿ

ಜೋಕನ್ನು ಬಿಡಿಸಿ ಹೇಳುವಷ್ಟು ಹಾಳು ಕೆಲಸ ಜಗತ್ತಿನಲ್ಲಿ ಇನ್ನೊಂದಿಲ್ಲ ಎನ್ನುವುದು ಗುಬ್ಬಿಗೆ ಮನವರಿಕೆಯಾದದ್ದು ಅಣ್ಣನ ಬಡಗಿ ಅಂಗಡಿಯಲ್ಲಿ.

ಅಣ್ಣ ಕಿಟಕಿಯ ಚೌಕಟ್ಟೊಂದಕ್ಕೆ ಸ್ಯಾಂಡ್‌ಪೇಪರ್ ಉಜ್ಜುತ್ತಿದ್ದವನು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, "ಆ ಲಿಫ್ಟ್ ಸಿನಿಮಾದಲ್ಲಿ ಅಷ್ಟೊಂದು ನಗೋದು ಏನಿದೆಯೇ ಗುಬ್ಬಿ?" ಎಂದು ಕೇಳಿದ. ಹುಡುಗನಾಗಿದ್ದಾಗ ಬಂದ ಜ್ವರ ಅವನ ಕಿವಿ ಎರಡನ್ನೂ ಹೊತ್ತುಕೊಂಡು ಹೋಗಿತ್ತು. ಮಾತು ಉಳಿದಿತ್ತು, ಆದರೆ ಏರಿಳಿತ ಸವೆದ ಮಾತು; ಎಷ್ಟು ಜೋರಾಗಿ ಹೇಳುತ್ತಿದ್ದೇನೆ ಎನ್ನುವುದು ಅವನಿಗೇ ತಿಳಿಯದ ಕಾರಣ ಅವನ ಗುಟ್ಟುಗಳೂ ಬೀದಿಯ ತುದಿಗೆ ಕೇಳಿಸುತ್ತಿದ್ದವು. ಎದುರಿಗಿದ್ದವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದ. ಕಪಾಟು ಮಾಡಿಸಲು ಬಂದ ಗಂಡಹೆಂಡತಿ ಅಳತೆ ಕೊಡುವುದನ್ನು ಮರೆತು ಆ ಸಿನಿಮಾದ ಮಾತುಗಳನ್ನೇ ಒಬ್ಬರಿಗೊಬ್ಬರು ಒಪ್ಪಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಅವರು ನಕ್ಕಾಗ ಇವನೂ ನಕ್ಕನಂತೆ. ಯಾಕೆ ನಕ್ಕೆ ಎನ್ನುವುದು ಮಾತ್ರ ಗೊತ್ತಿಲ್ಲ.

ಟಾಕೀಸಿನಲ್ಲಿ ಸಿನಿಮಾ ಹಾಕುವವಳು ಗುಬ್ಬಿ. ಆ ಚಿತ್ರವನ್ನು ಅವಳು ಕ್ಯಾಬಿನ್ನಿನ ಕಿಂಡಿಯಿಂದ ಎಷ್ಟು ಸಲ ನೋಡಿದ್ದಳೆಂದರೆ ನಿದ್ದೆಯಲ್ಲೂ ಒದರಬಲ್ಲವಳಾಗಿದ್ದಳು.

"ಇಬ್ಬರು ಬೀಗರು ಲಿಫ್ಟಲ್ಲಿ ಸಿಕ್ಕಿಹಾಕ್ಕೋತಾರೆ. ಒಬ್ಬರಿಗೊಬ್ಬರನ್ನ ಕಂಡ್ರೆ ಆಗಲ್ಲ."

"ಹೂಂ."

"ಲಿಫ್ಟ್ ಅರ್ಧದಲ್ಲಿ ನಿಲ್ಲುತ್ತಲ್ಲ, ಆಗ ಹುಡುಗಿ ಅಪ್ಪ ಹೇಳ್ತಾನೆ, ನಿಮ್ಮ ಕಡೆಯವರ ಹಾಗೇ ಇದೆ, ಬರ್ತೀನಿ ಅಂತ ಹೇಳಿ ಅರ್ಧ ದಾರೀಲಿ ನಿಲ್ಲೋದು ಅಂತ."

"ಆಮೇಲೆ?"

"ಆಮೇಲೇನಿಲ್ಲ. ಅದೇ ಜೋಕು."

ಅಣ್ಣ ಅವಳ ತುಟಿಯನ್ನೇ ಇನ್ನಷ್ಟು ಹೊತ್ತು ನೋಡಿದ, ಉಳಿದದ್ದು ಈಗ ಬರಬಹುದು ಎನ್ನುವಂತೆ.

"ಅವನು ಹೇಳೋ ರೀತಿ ಇದೆಯಲ್ಲ, ಅದು..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ಬಿಡು," ಎಂದು ಅವನು ಮತ್ತೆ ಮರಕ್ಕೆ ಬಾಗಿದ. ಒಳಗಿನ ಕೋಣೆಯಿಂದ ಅತ್ತಿಗೆ ಹೊರಬಂದು, "ಅಲ್ಲ ಕಣೇ, ಮೂರು ಹೊತ್ತೂ ಅದೇ ಸಿನಿಮಾ ತೋರಿಸ್ತೀಯ, ಒಂದು ಜೋಕು ನೆಟ್ಟಗೆ ಹೇಳೋಕೆ ಬರಲ್ವಾ?" ಎಂದಳು. ಗುಬ್ಬಿಗೆ ಅವಮಾನವೇ ಆಯಿತು.

ಹಿಂದೆಯೂ ಅವಳು ಅಣ್ಣನನ್ನು ಟಾಕೀಸಿಗೆ ಎಳೆದುಕೊಂಡು ಹೋದದ್ದುಂಟು. ಪರದೆಯ ಮೇಲಿನ ಜನ ಮಾತಾಡುವಾಗ ಬೆನ್ನು ತಿರುಗಿಸುತ್ತಾರೆ, ಕತ್ತಲಲ್ಲಿ ನಿಲ್ಲುತ್ತಾರೆ, ಇಲ್ಲವೇ ಬಾಯಿ ಮುಚ್ಚುವಷ್ಟು ಮೀಸೆ ಬಿಟ್ಟಿರುತ್ತಾರೆ. ಅಣ್ಣ ಪ್ರತಿ ಸಲವೂ ಇಂಟರ್‌ವಲ್‌ನಲ್ಲಿ ಎದ್ದು ಹೋಗಿದ್ದ. ಹೊಡೆದಾಟದ ಚಿತ್ರಗಳಾದರೂ ಹೇಗೋ ನಡೆದೀತು. ಆದರೆ ಇದು ಮೊದಲಿಂದ ಕೊನೆಯವರೆಗೆ ಒಂದು ಲಿಫ್ಟು, ಎರಡು ಬಾಯಿ.

ಅದೇ ವಾರ ಸಿನಿಮಾ ಕಂಪನಿಯವರು ಚಿತ್ರದ ಹೊಸ ಪ್ರತಿಯೊಂದನ್ನು ಕಳಿಸಿದರು. ಕಿವಿ ಕೇಳಿಸದವರಿಗಾಗಿ ಕೆಳಗೆ ಬರಹ ಇರುವ ಪ್ರತಿ. ಗುಬ್ಬಿ ಅದರ ಜೊತೆಗಿದ್ದ ಚೀಟಿಯನ್ನು ಪೂರ್ತಿ ಓದುವ ಮೊದಲೇ ಅಂಗಡಿಗೆ ಓಡಿದಳು.

"ಭಾನುವಾರ ಮ್ಯಾಟಿನಿಗೆ ಬಾ. ಎಲ್ಲ ಅಕ್ಷರದಲ್ಲಿ ಬರುತ್ತೆ."

ಅಣ್ಣ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಯೋಚಿಸಿದ. "ಒಂದು ಸಲ ಬರ್ತೀನಿ. ಕಾಣ್ಲಿಲ್ಲ ಅಂದ್ರೆ ಎದ್ದು ಬರ್ತೀನಿ. ಆಮೇಲೆ ಸಿನಿಮಾ ಸಿನಿಮಾ ಅಂತ ನನ್ನ ಜೀವ ತಿನ್ನಬಾರದು. ಒಪ್ಪಿಗೆನಾ?"

"ಒಪ್ಪಿಗೆ," ಎಂದಳು ಗುಬ್ಬಿ, ಕಿಂಚಿತ್ತೂ ಯೋಚಿಸದೆ.

*

ಟಾಕೀಸು ಸೋದರಮಾವನದು. ಯಜಮಾನ, ಮ್ಯಾನೇಜರು, ಬಾಗಿಲು ಕಾಯುವವನು, ಎಲ್ಲ ಅವನೇ. ರೀಲಿನ ಕಾಲದಲ್ಲಿ ಆಪರೇಟರೂ ಅವನೇ ಆಗಿದ್ದ. ಅಂದಿನ ಎರಡು ಮೆಷೀನುಗಳು ಈಗಲೂ ಕ್ಯಾಬಿನ್ನಿನ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ನಿಂತಿವೆ. ಕಾಲಿಡಲು ಜಾಗವಿಲ್ಲದಿದ್ದರೂ ಅವುಗಳನ್ನು ಹೊರಗೆ ಹಾಕಿಸುವ ಮಾತು ಎತ್ತುವ ಹಾಗಿಲ್ಲ. ಈಗ ಕೆಲಸ ಮಾಡುವುದು ಒಂದು ಪ್ರೊಜೆಕ್ಟರು ಮತ್ತು ಅದಕ್ಕೆ ಚಿತ್ರ ಉಣಿಸುವ ಒಂದು ಹಳೆಯ ಕಂಪ್ಯೂಟರು. ಕಂಪ್ಯೂಟರಿನ ಹೆಸರು ಎಮ್ಮೆ. ಹೊಡೆದರೂ ಬೈದರೂ ತನ್ನದೇ ನಡಿಗೆಯಲ್ಲಿ ನಡೆಯುತ್ತದೆ, ಆದರೆ ನಡೆದೇ ನಡೆಯುತ್ತದೆ ಎಂದು ಮಾವನೇ ಇಟ್ಟ ಹೆಸರು.

ಗುಬ್ಬಿ ಹೊಸ ಪ್ರತಿಯನ್ನು ಎಮ್ಮೆಗೆ ಹಾಕಿ ನೋಡಿದಳು. ಚಿತ್ರ ಬಂತು. ಶಬ್ದ ಬಂತು. ಅಕ್ಷರ ಮಾತ್ರ ಬರಲಿಲ್ಲ. ಫೈಲಿನ ವಿವರ ತೆರೆದರೆ ಮೂರನೆಯ ಸಾಲಿನಲ್ಲಿ, 'ಗೊತ್ತಿಲ್ಲದ ಬಗೆ' ಎಂದಿತ್ತು.

"ಅಕ್ಷರ ಕಳಿಸೋದನ್ನೇ ಮರೆತಿದ್ದಾರೆ ಬಿಡು," ಎಂದ ಮಾವ.

"ಇಲ್ಲ ಮಾವ, ಇದೆ ಒಳಗೆ. ಊಟದ ಕ್ಯಾರಿಯರ್ ಇರುತ್ತಲ್ಲ, ಹಾಗೆ. ಒಂದು ಡಬ್ಬೀಲಿ ಚಿತ್ರ, ಇನ್ನೊಂದರಲ್ಲಿ ಶಬ್ದ, ಮೂರನೇದರಲ್ಲಿ ಬರಹ. ಎಲ್ಲಾ ಸೇರಿಸಿ ಒಂದೇ ಕೊಂಡಿ ಹಾಕಿರ್ತಾರೆ. ಆ ಕೊಂಡಿ ಬಿಚ್ಚೋ ಪ್ರೋಗ್ರಾಮ್ ಒಂದಿದೆ, ಲೈಬ್ರರಿ ಅಂತಾರೆ. ನಮ್ಮ ಎಮ್ಮೇಲಿರೋದು ಹಳೇದು. ಮೂರನೇ ಡಬ್ಬಿ ಹೊಸ ನಮೂನೆದು, ಅದಕ್ಕೆ ಬಿಚ್ಚೋಕೆ ಬರ್ತಿಲ್ಲ."

"ಬರ್ದಿದ್ರೆ ಏನಂತೆ? ಜನ ಸಿನಿಮಾ ನೋಡೋಕೆ ಬರ್ತಾರೋ, ಓದೋಕೆ ಬರ್ತಾರೋ?"

"ಅಣ್ಣ ಬರ್ತಾನೆ."

ಅಳಿಯ ಅಂದರೆ ಮಾವನಿಗೂ ಜೀವ. ಆದರೆ ಎಮ್ಮೆಯನ್ನು ಮುಟ್ಟುವುದು ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಇಡೀ ಕಂಪ್ಯೂಟರನ್ನೇ ಹೊಸದು ಮಾಡಿಬಿಡೋಣ ಎಂದರೆ ಆಗುವಂತಿರಲಿಲ್ಲ. ಪ್ರೊಜೆಕ್ಟರು ಮಾತಾಡುತ್ತಿದ್ದದ್ದು ಆ ಹಳೆಯ ವ್ಯವಸ್ಥೆಯ ಜೊತೆ ಮಾತ್ರ. ಹಳೆಯ ವ್ಯವಸ್ಥೆಗೆ ಹೊಸ ಲೈಬ್ರರಿಯನ್ನು ಸಿದ್ಧವಾಗಿ ಕಟ್ಟಿಕೊಡುವವರು ಯಾರೂ ಇರಲಿಲ್ಲ. ಉಳಿದದ್ದು ಒಂದೇ ದಾರಿ: ಅದರ ಸೋರ್ಸ್ ಕೋಡನ್ನು ತಂದು, ಎಮ್ಮೆಯ ಮೇಲೆಯೇ ಕೈಯಾರೆ ಕಟ್ಟಿ ಇಳಿಸುವುದು.

"ಸೋರ್ಸ್ ಕೋಡ್ ಅಂದ್ರೆ?"

"ಲೈಬ್ರರಿ ಬರೆದವರು ಅದನ್ನ ಹೇಗೆ ಬರೆದ್ರೋ ಹಾಗೇ ಎಲ್ಲರಿಗೂ ತೆರೆದಿಟ್ಟಿದ್ದಾರೆ. ತಗೊಂಡು ನಾವೇ ಕಟ್ಕೋಬಹುದು."

"ಪುಕ್ಕಟೆನಾ?"

"ಪುಕ್ಕಟೆ."

"ಏನೋ ಕುತಂತ್ರ ಇರುತ್ತೆ ನೋಡು," ಎಂದ ಮಾವ. "ಕೆಟ್ಟುಹೋದ್ರೆ ಭಾನುವಾರ ಪರದೆ ಮೇಲೆ ನಿನ್ನ ಮುಖ ತೋರಿಸ್ತೀಯಾ?"

"ನನ್ನ ಮುಖಕ್ಕೇನಾಗಿದೆ?"

"ಅರ್ಧ ಗಂಟೆಗಿಂತ ಜಾಸ್ತಿ ಓಡಲ್ಲ."

*

ಬೆಳಗಿನ ಹೊತ್ತು ಆಟ ಇರಲಿಲ್ಲ. ಖಾಲಿ ಟಾಕೀಸಿಗೆ ಅದರದ್ದೇ ಒಂದು ವಾಸನೆ: ಒದ್ದೆ ನೆಲ, ಹಳೆಯ ಕುರ್ಚಿಯ ರೆಕ್ಸಿನ್, ನಿನ್ನೆಯ ಜನ. ಕೆಳಗೆ ಮಾವ ಸಾಲು ಸಾಲಿಗೂ ಬಗ್ಗಿ ಯಾರೋ ಬಿಟ್ಟುಹೋದ ಛತ್ರಿ ಹುಡುಕುತ್ತಿರುವಾಗ ಗುಬ್ಬಿ ಮೇಲೆ ಕೂತು ಲೈಬ್ರರಿಯನ್ನು ಬಿಚ್ಚಿ ಹರಡಿಕೊಂಡಳು.

ಸಿನಿಮಾ ಮಂದಿಗೆ ಒಂದು ಚಾಳಿ. ಹೆಸರು ತೋರಿಸುವ ಭಾಗವನ್ನು ಓಡಿಸಿಬಿಡುವುದು. ಗುಬ್ಬಿ ಲೈಬ್ರರಿಯ ಜೊತೆಗಿದ್ದ ಸೂಚನೆಯನ್ನೂ ಹಾಗೆಯೇ ಓಡಿಸಿ ನೇರ ಕೆಲಸಕ್ಕೆ ಇಳಿದಳು. ಮೊದಲ ಆಜ್ಞೆ ಕೊಟ್ಟಳು. ಎಮ್ಮೆಯ ಪರದೆ ಒಂದಷ್ಟು ಸಾಲು ಗಡಬಡಿಸಿ, ಕೆಂಪಗಾಗಿ ನಿಂತಿತು. ಈ ಲೈಬ್ರರಿಗೆ ಆಧಾರವಾದ ಇನ್ನೊಂದು ಚಿಕ್ಕ ಲೈಬ್ರರಿ ಇಲ್ಲವಂತೆ. ಹಿಂದಕ್ಕೆ ಹೋಗಿ ಸೂಚನೆ ನೋಡಿದರೆ ಮೊದಲ ಸಾಲಿನಲ್ಲೇ ಬರೆದಿತ್ತು: ಮೊದಲು ಚಿಕ್ಕದನ್ನು ಕಟ್ಟಿ, ಆಮೇಲೆ ಇದನ್ನು.

ಸರಿ, ಚಿಕ್ಕದನ್ನು ತಂದಳು. ಚಿಕ್ಕದಕ್ಕೆ ಕಟ್ಟುವ ಸಾಧನವೇ ಹೊಸದು ಬೇಕಂತೆ. ಸಾಧನ ತಂದಳು. ಅದು ಮತ್ತೇನನ್ನೋ ಕೇಳಿತು. ರಜೆಯ ದಿನದ ಬೆಳಗ್ಗೆ ಒಬ್ಬರನ್ನು ಎಬ್ಬಿಸಲು ಹೋದರೆ, 'ಮೊದಲು ಅವಳನ್ನ ಎಬ್ಬಿಸು, ಆಮೇಲೆ ನಾನು' ಎಂದು ಮಗ್ಗುಲು ಬದಲಿಸುವ ಮನೆಯ ಹಾಗಿತ್ತು ವ್ಯವಹಾರ. ಎಲ್ಲರ ಹೊದಿಕೆಯನ್ನೂ ಒಂದೊಂದಾಗಿ ಎಳೆಯುತ್ತ ಹೋದಳು. ಮಾರನೆಯ ಬೆಳಗ್ಗೆ ಚಿಕ್ಕ ಲೈಬ್ರರಿ ಎದ್ದು ಕೂತಿತು. ದೊಡ್ಡದು ಮಾತ್ರ ಚಿಕ್ಕದು ಕಣ್ಣೆದುರೇ ಇದ್ದರೂ, 'ಇಲ್ಲ, ಇಲ್ಲ' ಎಂದು ಅದೇ ರಾಗ ಹಾಡುತ್ತಿತ್ತು.

ತಲೆ ಚಿಟ್ಟು ಹಿಡಿದು, ಆ ಲೈಬ್ರರಿಯ ಮಂದಿ ಸೇರುವ ಜಾಲತಾಣದಲ್ಲಿ ಕೆಂಪು ಸಾಲುಗಳನ್ನೆಲ್ಲ ಅಂಟಿಸಿ ಕೇಳಿದಳು. ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ಬಂದಿತ್ತು. ಬರೆದವರ ಮುಖ ಇರಲಿಲ್ಲ, ಮುಖದ ಜಾಗದಲ್ಲಿ ಒಂದು ಸೈಕಲ್ಲಿನ ಚಿತ್ರವಿತ್ತು. ಮೊದಲ ಸಲ ಸೋತಾಗ ಅದು 'ಇಲ್ಲ' ಎಂದು ಬರೆದಿಟ್ಟುಕೊಂಡಿದೆ, ಈಗ ಮತ್ತೆ ಹುಡುಕದೆ ಆ ಹಳೆಯ ಉತ್ತರವನ್ನೇ ಓದುತ್ತಿದೆ. ಕಟ್ಟುವ ಕೆಲಸ ನಡೆದ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡಿ, ಎಂದಿತ್ತು ಉತ್ತರ. ಕೊನೆಯಲ್ಲಿ ಒಂದು ಪ್ರಶ್ನೆ: ಇಷ್ಟು ಹಳೆಯ ಮೆಷೀನಿನ ಮೇಲೆ ಇಷ್ಟೊಂದು ಒದ್ದಾಡುತ್ತಿದ್ದೀರಲ್ಲ, ಯಾತಕ್ಕೆ?

ಅಣ್ಣನಿಗೆ ಕಿವಿ ಕೇಳಿಸುವುದಿಲ್ಲ, ಇಬ್ಬರು ಬೀಗರು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆ, ಭಾನುವಾರ ಅವನು ನಗಬೇಕು, ಎಂದು ಬರೆದಳು ಗುಬ್ಬಿ. ಬರೆದ ಮೇಲೆ ಓದಿದರೆ ತಲೆಬುಡವಿಲ್ಲ ಅನ್ನಿಸಿತು. ಆದರೆ ಸೈಕಲ್ಲಿಗೆ ಅರ್ಥವಾದಂತಿತ್ತು. ಲೈಬ್ರರಿಯಲ್ಲಿ ಬರಹದ ಡಬ್ಬಿ ಬಿಚ್ಚುವ ಭಾಗವನ್ನು ಬರೆದವರಲ್ಲಿ ನಾನೂ ಒಬ್ಬ, ಅವನು ನಕ್ಕನೋ ಇಲ್ಲವೋ ತಿಳಿಸಿ, ಎಂದು ಉತ್ತರ ಬಂತು.

ಅಳಿಸಿ ಮತ್ತೆ ಶುರುಮಾಡಿದಳು. ಈ ಸಲ ಕೆಂಪು ಬರಲಿಲ್ಲ. ಎಮ್ಮೆಯ ಫ್ಯಾನು ಬುಸುಗುಟ್ಟುತ್ತ, ಒಂದೊಂದೇ ಫೈಲನ್ನು ಮೆಲುಕು ಹಾಕುತ್ತ, ಶೇಕಡಾ ಹತ್ತು, ಹದಿನೈದು ಎಂದು ಏರತೊಡಗಿತು. ಮಾವ ಮೆಟ್ಟಿಲು ಹತ್ತಿ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಏನ್ ಮಾಡ್ತಿದೆ?"

"ಕಟ್ಟುತ್ತಿದೆ."

"ಸದ್ದು ನೋಡಿದ್ರೆ ಕೆಡವ್ತಿರೋ ಹಾಗಿದೆ."

ದೊಡ್ಡ ಲೈಬ್ರರಿ ಆಯಿತು. ಅದನ್ನು ಬಳಸಿಕೊಳ್ಳುವಂತೆ ಸಿನಿಮಾ ಓಡಿಸುವ ಪ್ಲೇಯರನ್ನೂ ಹೊಸದಾಗಿ ಕಟ್ಟಿದ್ದಾಯಿತು. ಹೊಸ ಲೈಬ್ರರಿ ಇರುವ ಜಾಗವನ್ನು ಎಮ್ಮೆಗೆ ಪರಿಚಯಿಸಿದ್ದೂ ಆಯಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಗುಬ್ಬಿ ಬೆರಳ ಲಟಿಕೆ ಮುರಿದು, ಕುರ್ಚಿ ಹಿಂದಕ್ಕೆ ತಳ್ಳಿ, "ಮಾವ, ಬನ್ನಿ, ಹಾಕಿ!" ಎಂದು ಕಿಂಡಿಯಿಂದ ಕೂಗಿದಳು.

ಆ ಟಾಕೀಸಿನಲ್ಲಿ ಅದು ಕಟ್ಟಳೆ. ಏನೇ ಹೊಸದಾದರೂ ಮೊದಲ ಸಲ ಚಾಲೂ ಮಾಡುವುದು ಮಾವನೇ. ಅವನು ಕೈ ತೊಳೆದು, ಅಂಗಿಗೆ ಒರೆಸಿಕೊಂಡು, ಮೌಸನ್ನು ಹಕ್ಕಿಮರಿಯ ಹಾಗೆ ಹಿಡಿದು ಒತ್ತಿದ. ಗುಬ್ಬಿ ಕೆಳಗೋಡಿ ಮೂರನೆಯ ಸಾಲಿನಲ್ಲಿ ಕೂತಳು. ಲಿಫ್ಟಿನ ಬಾಗಿಲು ತೆರೆಯಿತು. ಬೀಗರು ಒಳಗೆ ಬಂದರು. ಜಗಳ ಶುರುವಾಯಿತು.

ಪರದೆಯ ಕೆಳಗಿನ ಅಂಚು ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿಯಾಗಿತ್ತು.

ಮೇಲೆ ಬಂದು, ಎಲ್ಲವನ್ನೂ ಅಳಿಸಿ, ಮತ್ತೊಮ್ಮೆ ಮೊದಲಿಂದ ಕಟ್ಟಿದಳು. ಎಮ್ಮೆ ತಕರಾರಿಲ್ಲದೆ ಕಟ್ಟಿತು. ಮಾವ ಮತ್ತೆ ಕೈ ತೊಳೆದು ಬಂದು ಒತ್ತಿದ. ಅಕ್ಷರ ಬರಲಿಲ್ಲ. ತಪ್ಪಾಗಿದೆ ಎಂದು ಯಾರಾದರೂ ಹೇಳಿದ್ದರೆ ಸರಿಪಡಿಸಬಹುದಿತ್ತು. ಎಲ್ಲವೂ ಸರಿಯಾಗಿದೆ ಎಂದು ಯಂತ್ರ ಹೇಳುತ್ತಿರುವಾಗ ಯಾರ ಜೊತೆ ಜಗಳವಾಡುವುದು? ಸಂಜೆಯ ಆಟದ ಜನ ಬರತೊಡಗಿದ್ದರು. ಗುಬ್ಬಿ ಕೈಚೆಲ್ಲಿ ಕೂತಳು. ಬಂದು, ಖಾಲಿ ಅಂಚನ್ನು ನೋಡಿ, ಇಂಟರ್‌ವಲ್‌ನಲ್ಲಿ ಎದ್ದು ಹೋಗುವ ಅಣ್ಣನ ಬೆನ್ನು ಕಣ್ಣಿಗೆ ಕಟ್ಟಿತು. ಅದರ ಬದಲು ಬರದೆ ಇರುವುದೇ ಮೇಲು. ಫೋನ್ ತೆಗೆದು ಅಣ್ಣನಿಗೆ ಬರೆದಳು: 'ನಾಳೆ ಬರಬೇಡ. ಆಗಲಿಲ್ಲ.'

'ಸರಿ' ಎಂದು ಉತ್ತರ ಬಂತು. ಅದು ತಕ್ಷಣ ಬಂದದ್ದೇ ಅವಳಿಗೆ ಹೆಚ್ಚು ನೋವು ಮಾಡಿತು. ಇವಳಿಂದ ಇಷ್ಟೇ ಎಂದು ಮೊದಲೇ ಬರೆದಿಟ್ಟು ಕಾಯುತ್ತಿದ್ದವನ ಹಾಗೆ.

*

ಭಾನುವಾರ ಬೆಳಗ್ಗೆ ಅವಳು ಬಂದದ್ದು ಮಾಡಿದ್ದನ್ನೆಲ್ಲ ಕಿತ್ತುಹಾಕಿ ಎಮ್ಮೆಯನ್ನು ಹಿಂದಿನ ಸ್ಥಿತಿಗೆ ತರಲು. ಕೀಳುವ ಮೊದಲು, ಸುಮ್ಮನೆ, ಓಡುತ್ತಿರುವ ಪ್ಲೇಯರಿನ ವಿವರದ ಪುಟ ತೆರೆದಳು. ತಾನು ಕಟ್ಟಿದ ಪ್ಲೇಯರಿನ ಆವೃತ್ತಿಯ ಸಂಖ್ಯೆ ಅವಳಿಗೆ ಬಾಯಿಪಾಠವಾಗಿತ್ತು. ಅಲ್ಲಿದ್ದದ್ದು ಅದಲ್ಲ.

ಬೆನ್ನು ನೆಟ್ಟಗಾಯಿತು. ಈ ಪ್ಲೇಯರು ಯಾವ ಲೈಬ್ರರಿಯನ್ನು ಎಲ್ಲಿಂದ ತೆಗೆದುಕೊಳ್ಳುತ್ತಿದೆ ಎಂದು ಎಮ್ಮೆಯನ್ನೇ ಕೇಳಿದಳು. ಎಮ್ಮೆ ಉದ್ದದ ದಾರಿಯೊಂದನ್ನು ಹೇಳಿತು. ದಾರಿಯ ನಡುವೆ ಅವಳು ಎಂದೂ ನೋಡದ ಒಂದು ಫೋಲ್ಡರು. ಹೆಸರು: ಸ್ಪೇರ್.

"ಮಾವಾ!"

ಮಾವ ಏದುಸಿರು ಬಿಡುತ್ತ ಬಂದ. "ಏನು, ಬೆಂಕಿ ಹತ್ಕೊಂಡಿತಾ?"

"ಇದೇನಿದು, ಸ್ಪೇರ್ ಅಂತ?"

"ಅದಾ? ಅದು ಸ್ಪೇರು."

"ಅಂದ್ರೆ?"

"ಅಂದ್ರೆ ಸ್ಪೇರು ಕಣಮ್ಮ! ಎಮ್ಮೆ ತಂದಾಗ ಆ ಟೆಕ್ನಿಷಿಯನ್ ಹತ್ರ ಜಗಳ ಆಡಿ ಹಾಕಿಸಿದ್ದೀನಿ. ಪ್ಲೇಯರು, ಅದರ ಸಾಮಾನು, ಸರಂಜಾಮು ಎಲ್ಲ ಇನ್ನೊಂದು ಜೊತೆ. ಒಂದು ಕೈಕೊಟ್ರೆ ಇನ್ನೊಂದಿರ್ಲಿ ಅಂತ. ಎರಡು ಮೆಷೀನ್ ಇಲ್ದೆ ನಾನು ಯಾವತ್ತಾದ್ರೂ ಶೋ ನಡೆಸಿದ್ದೀನಾ?"

ಗುಬ್ಬಿ ಮೂಲೆಯಲ್ಲಿ ಬಟ್ಟೆ ಹೊದ್ದ ಎರಡು ಮೆಷೀನುಗಳನ್ನು ನೋಡಿದಳು. ಮಾವನನ್ನು ನೋಡಿದಳು.

"ಕೆಟ್ಟಾಗ ತಾನೇ ಸ್ಪೇರು? ನಿನ್ನೆ ಯಾಕೆ ಅದನ್ನ ಒತ್ತಿದ್ರಿ?"

"ನಿಲ್ಲಿಸಿದ್ರೆ ತುಕ್ಕು ಹಿಡಿಯಲ್ವಾ? ಒಂದು ವಾರ ಅದು, ಒಂದು ವಾರ ಇದು. ಈ ವಾರ ಸ್ಪೇರಿನ ಸರದಿ." ಮಾವ ಎಮ್ಮೆಯ ಪರದೆಯ ಮೇಲಿದ್ದ ಒಂದೇ ರೂಪದ ಎರಡು ಚಿಹ್ನೆಗಳನ್ನು ಹೆಮ್ಮೆಯಿಂದ ತೋರಿಸಿದ. ಮೇಲಿನದು ಒಂದು, ಕೆಳಗಿನದು ಒಂದು. ಎರಡೂ ಒಂದನ್ನೇ ತೆರೆಯುತ್ತವೆ, ಮಾವ ಮರೆತು ಎರಡೆರಡು ಮಾಡಿಟ್ಟುಕೊಂಡಿದ್ದಾನೆ ಎಂದೇ ಗುಬ್ಬಿ ಇಷ್ಟು ದಿನವೂ ತಿಳಿದಿದ್ದಳು.

"ತುಕ್ಕು! ಮಾವ, ಅದು ಕಬ್ಬಿಣ ಅಲ್ಲ!"

"ನಿನಗೇನು ಗೊತ್ತು, ಯಾವುದಕ್ಕೆ ತುಕ್ಕು ಹಿಡಿಯುತ್ತೆ ಅಂತ."

ಗುಬ್ಬಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಮಾವನ ಕೈಗೆ ಮೌಸ್ ಕೊಟ್ಟು, "ಮೇಲಿನದನ್ನ ಒತ್ತಿ," ಎಂದಳು. "ಸರದಿ ತಪ್ಪುತ್ತೆ," ಎಂದ ಮಾವ. "ಒತ್ತೀ ಮಾವ!"

ಮಾವ ಒತ್ತಿದ.

ಇಬ್ಬರೂ ಕಿಂಡಿಗೆ ಮುಖ ಹಚ್ಚಿದರು. ಕತ್ತಲ ಪರದೆಯ ಕೆಳಗೆ, ಲಿಫ್ಟು ಕಾಣುವುದಕ್ಕೂ ಮುಂಚೆ, ಬೆಳ್ಳಗಿನ ಅಕ್ಷರ ಮೂಡಿತು: ಲಿಫ್ಟಿನ ಗಂಟೆ ಸದ್ದು ಮಾಡುತ್ತದೆ.

"ಗಂಟೆ ಬಾರಿಸಿದ್ದನ್ನೂ ಬರೆದಿದ್ದಾರಾ?" ಎಂದು ಮಾವ ಪಿಸುಗುಟ್ಟಿದ. ಆಮೇಲೆ ಬಂದ ಸಾಲುಗಳನ್ನೆಲ್ಲ ಅವನು ತುಟಿ ಅಲ್ಲಾಡಿಸುತ್ತ ಓದಿದ. ಇಬ್ಬರು ಬೀಗರ ಜಗಳವನ್ನೂ ಒಬ್ಬನೇ ಆಡಿದ. ನಿಲ್ಲಿಸಿದ ಮೇಲೆ ಗಂಟಲು ಸರಿಮಾಡಿಕೊಂಡು, "ಸ್ಪೇರಿಗೂ ಇದನ್ನ ಹಾಕಿಬಿಡು," ಎಂದ.

"ಅದಕ್ಕೆ ಮತ್ತೆ ಮೊದಲಿಂದ ಕಟ್ಟಬೇಕು. ಮ್ಯಾಟಿನಿ ಒಳಗೆ ಆಗಲ್ಲ."

ಮಾವ ಮೂಲೆಯ ಮೆಷೀನುಗಳ ಹತ್ತಿರ ಹೋಗಿ, ಒಂದರ ಬಟ್ಟೆಯನ್ನು ಎಳೆದು ಸರಿಮಾಡಿದ. ಅಲ್ಲೇ ಬೆನ್ನು ಹಾಕಿ ನಿಂತು ಹೇಳಿದ: "ಇವತ್ತು ಸ್ಪೇರಿಲ್ಲದೆ ನಡೆಸೋಣ. ಏನಾಗುತ್ತೋ ಆಗ್ಲಿ. ನೀನು ಹೋಗಿ ಅವನನ್ನ ಕರ್ಕೊಂಡು ಬಾ."

*

ಅಣ್ಣ ಅಂಗಡಿಯಲ್ಲಿರಲಿಲ್ಲ. ಮನೆಯ ಹಿತ್ತಲಲ್ಲಿ, ರಜೆಯ ದಿನವೂ, ಮುರಿದ ಸ್ಟೂಲೊಂದನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಕಾಲು ಜೋಡಿಸುತ್ತಿದ್ದ. ಗುಬ್ಬಿ ಎದುರಿಗೆ ಬಂದು ನಿಂತರೂ ತಲೆಯೆತ್ತಲಿಲ್ಲ. ತಲೆಯೆತ್ತದಿದ್ದರೆ ಅವನ ಜೊತೆ ಮಾತಾಡುವುದು ಸಾಧ್ಯವಿಲ್ಲ, ಅದು ಅವನಿಗೂ ಗೊತ್ತು. ಅವಳು ನೆಲದಲ್ಲಿ ಕೂತು, ಬಗ್ಗಿ, ಕೆಳಗಿನಿಂದ ಅವನ ಮುಖ ನೋಡಿದಳು.

"ಬಂತು ಅಣ್ಣ. ಅಕ್ಷರ ಬಂತು."

"ಬಾ ಅಂತೀಯ. ಬೇಡ ಅಂತೀಯ. ಈಗ ಮತ್ತೆ ಬಾ ಅಂತೀಯ. ನಾನೇನು ನಿನ್ನ ಕಂಪ್ಯೂಟರಾ?" ಅವನ ದನಿ ಹಿತ್ತಲ ಗೋಡೆ ದಾಟಿತು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.

"ಮಾವ ತಪ್ಪು ಗುಂಡಿ ಒತ್ತಿದ್ರು."

"ಇವತ್ತೂ ಒತ್ತಿದ್ರೆ?"

ಇಲ್ಲ ಎಂದು ಹೇಳುವಂತಿರಲಿಲ್ಲ. ಎಮ್ಮೆ ನಡುವೆ ಮಲಗಿಬಿಡಬಹುದು. ಈ ದಿನ ಸ್ಪೇರೂ ಇಲ್ಲ. "ಗೊತ್ತಿಲ್ಲ," ಎಂದಳು. "ನಿಲ್ಲಬಹುದು. ಬೆಳಗ್ಗೆ ನಾನು ನೋಡಿದಾಗ ಬಂತು. ಅಷ್ಟೇ ನನಗೆ ಗೊತ್ತಿರೋದು."

ಅತ್ತಿಗೆ ಬಟ್ಟೆ ಒಣಹಾಕುತ್ತಿದ್ದವಳು ಒದ್ದೆ ಅಂಗಿಯನ್ನು ಝಾಡಿಸಿ ಗಂಡನ ಎದುರಿಗೆ ಬಂದು ನಿಂತಳು, ತುಟಿ ಸರಿಯಾಗಿ ಕಾಣುವಂತೆ. "ನೋಡ್ರೀ, ನೀವು ಬಂದ್ರೆ ಬನ್ನಿ, ಬಿಟ್ರೆ ಬಿಡಿ. ನಾನಂತೂ ಹೋಗ್ತೀನಿ. ಆ ಜೋಕೆಲ್ಲ ಕೇಳ್ಕೊಂಡು ಬಂದು, ನಿಮ್ಮೆದುರಿಗೇ ಕೂತ್ಕೊಂಡು, ಒಬ್ಬಳೇ ನಗ್ತೀನಿ."

ಅಣ್ಣ ಹೆಂಡತಿಯನ್ನು ನೋಡಿದ, ತಂಗಿಯನ್ನು ನೋಡಿದ. ಸ್ಟೂಲನ್ನು ನೆಲಕ್ಕಿಟ್ಟು ಅಲುಗಾಡಿಸಿ ಪರೀಕ್ಷಿಸಿದ. "ಅಂಗಿ ಯಾವುದು ಇಸ್ತ್ರಿ ಆಗಿದೆ?" ಎಂದ.

*

ಮಾವ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ, "ಇವತ್ತು ಕೆಳಗಡೆ ಅಕ್ಷರ ಬರುತ್ತೆ, ಗಾಬರಿ ಆಗ್ಬೇಡಿ," ಎಂದು, ಯಾವುದೋ ಕಾಯಿಲೆಯ ಸೂಚನೆ ಕೊಡುವಂತೆ ಹೇಳುತ್ತಿದ್ದ. ಕೆಲವರು ಮೂಗು ಮುರಿದರು. ಒಬ್ಬಾಕೆ, "ಒಳ್ಳೇದೇ ಆಯ್ತು, ನಮ್ಮತ್ತೆಗೂ ಕಿವಿ ಮಂದ," ಎಂದು ಪಕ್ಕದಲ್ಲಿದ್ದ ಅತ್ತೆಯ ಕಡೆ ತೋರಿಸಿದಳು. "ನನಗೇನೂ ಮಂದ ಇಲ್ಲ, ನೀನು ಗೊಣಗೋದು ಜಾಸ್ತಿ," ಎಂದಳು ಮುದುಕಿ.

ಗುಬ್ಬಿ ಕ್ಯಾಬಿನ್ನಿನಲ್ಲಿ ನಿಂತಿದ್ದಳು. ಕೂರಲು ಆಗುತ್ತಿರಲಿಲ್ಲ. ಅಣ್ಣ ಸಾಲಿನ ಅಂಚಿನ ಕುರ್ಚಿಯನ್ನೇ ಆರಿಸಿಕೊಂಡಿದ್ದ, ಎದ್ದು ಹೋಗಲು ಸುಲಭವಾಗುವಂಥದ್ದನ್ನು. ಮಾವ ಮೇಲೆ ಬಂದು, ಕೈ ಒರೆಸಿಕೊಂಡು, "ಮೇಲಿನದು ತಾನೇ?" ಎಂದು ಕೇಳಿ ಒತ್ತಿದ.

ಅಕ್ಷರ ಬಂತು. ಮೊದಲ ಸಾಲು, ಎರಡನೆಯ ಸಾಲು. ಸಭಾಂಗಣದಲ್ಲಿ ಅಲ್ಲೊಂದು ಇಲ್ಲೊಂದು ನಗು. ಅಣ್ಣನ ತಲೆ ಅಲ್ಲಾಡಲಿಲ್ಲ. ಕಿಂಡಿಯಿಂದ ಕಾಣುತ್ತಿದ್ದದ್ದು ಅವನ ತಲೆಯ ಹಿಂಭಾಗ, ಇಸ್ತ್ರಿಯಾದ ಕಾಲರು. ಓದುತ್ತಿದ್ದಾನೋ, ಸುಮ್ಮನೆ ಕೂತಿದ್ದಾನೋ? ಅವನಿಗೆ ಹಿಡಿಸದಿದ್ದರೆ? ಅಕ್ಷರ ಬಂದೂ ಜೋಕು ಜೋಕಾಗದಿದ್ದರೆ ಅದಕ್ಕೆ ಯಾವ ಲೈಬ್ರರಿಯನ್ನು ಕಟ್ಟುವುದು? ಈ ಯೋಚನೆ ಅವಳಿಗೆ ಇಷ್ಟು ದಿನ ಬಂದೇ ಇರಲಿಲ್ಲ.

ಪರದೆಯ ಮೇಲೆ ಹುಡುಗನ ಅಪ್ಪ ಲಿಫ್ಟಿನೊಳಗಿನ ಫೋನನ್ನು ಎತ್ತಿಕೊಂಡ. ಒಳಗೆ ಎಷ್ಟು ಜನ ಇದ್ದೀರಿ ಎಂದು ಆ ಕಡೆಯಿಂದ ಯಾರೋ ಕೇಳಿದರು. ಅವನು ಪಕ್ಕದಲ್ಲಿದ್ದವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿಧಾನವಾಗಿ ಬಾಯಿ ತೆರೆದ. ಅವನು ಶುರುಮಾಡುವ ಮೊದಲೇ ಕೆಳಗೆ ಇಡೀ ಸಾಲು ಮೂಡಿಬಿಟ್ಟಿತ್ತು: ಇಬ್ಬರು. ಒಬ್ಬರು ಮನುಷ್ಯರು, ಇನ್ನೊಬ್ಬರು ಬೀಗರು.

ಆಗ ಆ ಕತ್ತಲಲ್ಲಿ ಒಂದು ನಗು ಎದ್ದಿತು. ಒಬ್ಬನದೇ. ಅಳತೆಯಿಲ್ಲದ, ಅಂಚಿಲ್ಲದ, ಖಾಲಿ ಡ್ರಮ್ಮನ್ನು ಮೆಟ್ಟಿಲ ಮೇಲಿಂದ ಉರುಳಿಸಿದಂಥ ನಗು. ಪರದೆಯ ಮೇಲಿನವನು ಇನ್ನೂ, "ಇಬ್ಬರು..." ಎನ್ನುವಲ್ಲೇ ಇದ್ದ. ಜನ ತಿರುಗಿ ನೋಡಿದರು. ಅಷ್ಟರಲ್ಲಿ ಮಾತು ಪೂರ್ತಿಯಾಗಿ, ಇಡೀ ಟಾಕೀಸು ಅವನ ಹಿಂದಿನಿಂದ ನಗತೊಡಗಿತು.

ಗುಬ್ಬಿ ಮಾವನ ತೋಳನ್ನು ಚಿವುಟಿದಳು. ಮಾವನೂ ನಗುತ್ತಿದ್ದ, ಜೋಕಿಗೋ, ಅಳಿಯನಿಗೋ, ಹೇಳುವಂತಿರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಸಲವೂ ಹಾಗೆಯೇ ಆಯಿತು. ಮೊದಲು ಅಣ್ಣ, ಆಮೇಲೆ ಉಳಿದವರು. ಇಂಟರ್‌ವಲ್ ಹೊತ್ತಿಗೆ ಅವನ ಸುತ್ತಲಿನ ಸಾಲುಗಳವರು ಅವನು ನಗುವುದನ್ನೇ ಕಾಯತೊಡಗಿದ್ದರು. ಕಿವಿ ಮಂದವಿಲ್ಲದ ಮುದುಕಿ ಮಾತ್ರ ಪೂರ್ತಿ ಅಕ್ಷರವನ್ನೇ ಓದುತ್ತ ಅವನ ಜೊತೆಗೇ ನಗುತ್ತಿದ್ದಳು.

ಇಂಟರ್‌ವಲ್‌ನಲ್ಲಿ ಅವನು ಎದ್ದ. ಗುಬ್ಬಿ ಕಿಂಡಿಗೆ ಇನ್ನಷ್ಟು ಒತ್ತಿಕೊಂಡಳು. ಅವನು ಹೊರಗೆ ಹೋಗಿ, ಅತ್ತಿಗೆಗೂ ತನಗೂ ಚಹಾ ತೆಗೆದುಕೊಂಡು, ಚೆಲ್ಲದಂತೆ ಹೆಜ್ಜೆಯಿಡುತ್ತ ಮರಳಿ ಬಂದು ಕೂತ.

ಎಮ್ಮೆ ಕೊನೆಯವರೆಗೂ ನಡೆಯಿತು. ದೀಪ ಹತ್ತಿದ ಮೇಲೆ ಗುಬ್ಬಿ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬಂದಳು. ಅಣ್ಣನ ಕಣ್ಣು ಕೆಂಪಗಿತ್ತು, ನಕ್ಕು ನಕ್ಕು. ಆದರೆ ಮುಖ ಗಂಭೀರವಾಗಿತ್ತು.

"ಒಂದು ವಿಷಯ," ಎಂದ. ಖಾಲಿಯಾಗುತ್ತಿದ್ದ ಟಾಕೀಸಿನಲ್ಲಿ ಅವನ ದನಿ ಗೋಡೆಗೆ ಬಡಿದು ವಾಪಸು ಬಂತು. "ಇಬ್ಬರೂ ಅಳ್ತಾರಲ್ಲ, ಕೊನೇಲಿ? ಆಗ ಕೆಳಗೆ ಬರೆದಿತ್ತು, ದೂರದಲ್ಲಿ ಯಾರೋ ಸೀನುತ್ತಾರೆ ಅಂತ. ಯಾರದು ಆ ಸೀನು?"

ಗುಬ್ಬಿ ತಬ್ಬಿಬ್ಬಾದಳು. "ಸೀನಾ? ಸೀನು ಎಲ್ಲೂ ಇಲ್ವಲ್ಲ."

"ಬರೆದಿತ್ತು."

"ನಾನು ಅಷ್ಟು ಸಲ ನೋಡಿದ್ದೀನಿ ಅಣ್ಣ, ಯಾರೂ ಸೀನಲ್ಲ."

"ನನಗೂ ಕೇಳ್ಸಲಿಲ್ಲ," ಎಂದಳು ಅತ್ತಿಗೆ.

ಅಣ್ಣ ಇಬ್ಬರ ಮುಖವನ್ನೂ ನೋಡಿದ. ಇಷ್ಟು ವರ್ಷ ಉಳಿದವರು ತನ್ನನ್ನು ನೋಡುತ್ತಿದ್ದ ಹಾಗೆ, ತುಸು ಕನಿಕರದಿಂದ.

"ಕಿವಿ ಇಟ್ಕೊಂಡು ಏನ್ ಮಾಡ್ತೀರಿ ನೀವೆಲ್ಲ?" ಎಂದ. "ಮುಂದಿನ ಭಾನುವಾರ ಬರ್ತೀನಿ. ಆ ಜಾಗ ಬಂದಾಗ ಸನ್ನೆ ಮಾಡ್ತೀನಿ. ಸರಿಯಾಗಿ ಕೇಳಿಸ್ಕೊಂಡು, ಗಂಡಸಿಂದೋ ಹೆಂಗಸಿಂದೋ ನನಗೆ ಹೇಳಬೇಕು."